ಶೇಂಗಾ ಸುಲಿದವರ ಅರ್ಥಗಳು

ಕಳೆದ ವಾರ ಮನೆಯ ಪುಸ್ತಕದ ಬೀರುವನ್ನು ಅಕಾರಾದಿಯಾಗಿ ಮತ್ತೊಮ್ಮೆ ಜೋಡಿಸುತ್ತಿದ್ದೆ. ವರ್ಷಕ್ಕೊಮ್ಮೆ ಈ ಕೆಲಸ ಮಾಡುತ್ತೇನೆ. ಕ್ರಮ ತಪ್ಪಿದೆಯೆಂದಲ್ಲ, ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ. ಕೆಳಗಿನ ಅರೆಯಲ್ಲಿ ಯಾವ ಅಕ್ಷರದ ಸಾಲಿಗೂ ಸೇರದ ಮೂರು ಹಳೆಯ ಕಾದಂಬರಿಗಳಿದ್ದವು. ಅವುಗಳ ರಟ್ಟು ಮತ್ತು ಮೊದಲ ಹಾಳೆಗಳು ನನ್ನ ಕೈಗೆ ಬರುವ ಮುಂಚೆಯೇ ಕಳೆದುಹೋಗಿದ್ದವು. ಆದ್ದರಿಂದ ಅವಕ್ಕೆ ಹೆಸರಿಲ್ಲ. ಒಂದನ್ನು ತೆಗೆದು ಧೂಳು ಕೊಡವಿದಾಗ ಒಳಗಿನಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ನೋಡಿದೆ. ಶೇಂಗಾ ಸಿಪ್ಪೆ. ಕಾಯಿಯ ಗಟ್ಟಿ ಸಿಪ್ಪೆಯಲ್ಲ, ಬೀಜದ ಮೇಲಿನ ತೆಳುವಾದ ಕೆಂಪು ಪೊರೆ. ಹಸಿ ಬೀಜದ ಪೊರೆ ಅಷ್ಟು ಇಡಿಯಾಗಿ ಬಿಡುವುದಿಲ್ಲ. ಇದು ಹುರಿದ ಬೀಜದ್ದು.

ಅಂಗೈಯಲ್ಲಿಟ್ಟುಕೊಂಡು ಮೂಸಿ ನೋಡಿದೆ. ಹಳೆಯ ಕಾಗದದ ವಾಸನೆಯ ಹೊರತು ಬೇರೇನೂ ಬರಲಿಲ್ಲ. ಆದರೂ ನಮ್ಮ ಶಾಲೆಯ ಆಯಮ್ಮ ನೆನಪಾದಳು...

ಆಂಧ್ರದ ಗಡಿಯ ನಮ್ಮ ಕಡೆಯ ಶಾಲೆಗಳಲ್ಲಿ ನೀರು ತುಂಬುವ, ಕಸ ಗುಡಿಸುವ, ಒಂದನೆಯ ತರಗತಿಯ ಮಕ್ಕಳ ಮೂಗು ಒರೆಸುವ ಹೆಂಗಸನ್ನು ಆಯಮ್ಮ ಎನ್ನುತ್ತಾರೆ. ಆಕೆ ನನಗಿಂತ ಹದಿನೈದು ವರ್ಷವಾದರೂ ಹಿರಿಯಳು. ನಾನು ಏಕವಚನದಲ್ಲಿ ಕರೆಯುತ್ತಿದ್ದೆ. ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಈಗ ಬರೆಯುವಾಗಲೂ ಕೈ ಅದೇ ದಾರಿ ಹಿಡಿಯುತ್ತಿದೆ. ಹೊಳಗುಂದದ ಕಡೆಯವಳು. ಓದು ಬರಹ ಬಾರದು. ಆದೋನಿಗೆ ಮದುವೆಯಾಗಿ ಬಂದು, ಗಂಡ ತೀರಿದ ಮೇಲೆ ನಮ್ಮ ಶಾಲೆಗೆ ಸೇರಿದ್ದಳಂತೆ. ನಾನು ಕನ್ನಡ ಪಂಡಿತಳಾಗಿ ಅಲ್ಲಿಗೆ ಹೋದಾಗ ಆಕೆಯ ಸೊಂಟದಲ್ಲಿ ಎಲ್ಲ ಕೋಣೆಗಳ ಬೀಗದ ಕೈಗಳಿದ್ದವು.

ನನ್ನ ಸ್ವಭಾವವನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಶಾಲೆಯಲ್ಲಿದ್ದಷ್ಟು ಕಾಲ ನಾನು ಒಂದು ತಪ್ಪು ದೀರ್ಘವನ್ನೂ ಬಿಟ್ಟವಳಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಒಂದು ವಾಕ್ಯವನ್ನು ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮುಗಿಸುವವರು. ‘ಐತಿ’ ಎಂದರೆ ನಿಲ್ಲಿಸಿ ‘ಇದೆ’ ಎನ್ನಿಸುತ್ತಿದ್ದೆ. ಪ್ರತಿ ಪಾಠದ ಕೊನೆಗೆ ಹತ್ತು ಪದ ಕೊಟ್ಟು ಸ್ವಂತ ವಾಕ್ಯದಲ್ಲಿ ಬಳಸಲು ಹೇಳುತ್ತಿದ್ದೆ. ಪುಸ್ತಕದ ವಾಕ್ಯವನ್ನೇ ಬರೆದವರಿಗೆ ಸೊನ್ನೆ. ಕೆಂಪು ಶಾಯಿಯ ಪೆನ್ನು ಮೂರು ಇಟ್ಟುಕೊಂಡಿರುತ್ತಿದ್ದೆ. ಆಯಮ್ಮನ ಮಾತನ್ನೂ ತಿದ್ದುತ್ತಿದ್ದೆ. ಆಕೆ ಮೇಜಿನ ಮೇಲೆ ಲೋಟವಿಟ್ಟು ‘ನೀರು ಇಟ್ಟೀನ್ರಿ’ ಎಂದರೆ, ‘ಇಟ್ಟಿದ್ದೇನೆ’ ಎಂದು ಹೇಳಿಕೊಡುತ್ತಿದ್ದೆ.

“ಹಂಗಂದ್ರ ನೀರು ಇನ್ನಷ್ಟು ತಣ್ಣಗಾಗ್ತಾವೇನ್ರಿ ಟೀಚರಮ್ಮ?” ಎಂದು ಕೇಳಿ ಆಕೆ ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಕೊಠಡಿಯಲ್ಲಿದ್ದ ಉಳಿದವರು ನಗುತ್ತಿದ್ದರು. ನಾನೂ ನಕ್ಕಿರಬೇಕು.

ಆ ಮೂರು ಕಾದಂಬರಿಗಳು ಶಾಲೆಗೆ ಬಂದದ್ದು ಒಂದು ಹತ್ತಿಯ ಚೀಲದಲ್ಲಿ. ಹೊಳಗುಂದದ ಹತ್ತಿರದ ಹಳ್ಳಿಯ ಸಾಹುಕಾರರ ಮನೆಯೊಂದನ್ನು ಕೆಡವುವಾಗ ಅಟ್ಟದಲ್ಲಿ ಸಿಕ್ಕಿದ್ದವಂತೆ. ಕನ್ನಡದಲ್ಲಿದ್ದವೆಂಬ ಒಂದೇ ಕಾರಣಕ್ಕೆ ಯಾರೋ ನಮ್ಮ ಶಾಲೆಗೆ ತಂದುಕೊಟ್ಟರು. ಮಕ್ಕಳಿಗೆ ಕೊಡುವಂಥವಲ್ಲವೆಂದು ಮುಖ್ಯೋಪಾಧ್ಯಾಯರು ನನ್ನ ಮೇಜಿಗೆ ತಳ್ಳಿದರು. ದೂರದ ಯಾವುದೋ ದೊಡ್ಡ ಪಟ್ಟಣದ ಕಥೆಗಳು. ಬೆರಳೆಣಿಕೆಯ ಒಳ್ಳೆಯವರು, ಬಹಳ ಮಂದಿ ಮೋಸಗಾರರು, ಸದಾ ತಡವಾಗಿ ಬರುವ ಪೊಲೀಸರು. ಕಥೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಅದರ ಪಾತ್ರಗಳು ಆಡುವ ಮಾತು ನನಗೆ ತಿಳಿಯಲಿಲ್ಲ.

ಕನ್ನಡದಲ್ಲಿ ಎಂ.ಎ. ಮಾಡಿದವಳಿಗೆ ಕನ್ನಡದ ಪುಟವೊಂದು ತಿಳಿಯದಿರುವುದು ಸಣ್ಣ ವಿಷಯವಲ್ಲ. ‘ಅವನೊಬ್ಬ ಹನ್ನೆರಡಾಣೆ ಗಿರಾಕಿ.’ ‘ಠಾಣೆಯಲ್ಲಿ ಸೋಡಾ ಒಡೆದುಬಿಟ್ಟ.’ ‘ಅತ್ತೆ ಟಪ್ಪಾಲು ತಿಂದಳು.’ ಒಂದೊಂದು ಪದವೂ ಗೊತ್ತಿದ್ದದ್ದೇ. ಕೂಡಿದಾಗ ಏನೆಂದು ಗೊತ್ತಿಲ್ಲ. ನನ್ನಲ್ಲಿದ್ದ ಎಲ್ಲ ನಿಘಂಟುಗಳನ್ನೂ ನೋಡಿದೆ. ಎಲ್ಲಿಯೂ ಇರಲಿಲ್ಲ. ಯಾವುದೋ ಕಾಲದ ಯಾವುದೋ ಊರಿನ ಪೋಲಿ ಹುಡುಗರ ಮಾತು; ಆ ಹುಡುಗರು ಮುದುಕರಾಗಿ ಸತ್ತಾಗ ಅವೂ ಹೋಗಿರಬೇಕು. ನಾನು ಅಂಥ ಪ್ರಯೋಗಗಳನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದೆ. ಮೇಲೆ ಪ್ರಯೋಗ, ಕೆಳಗೆ ಪುಟ ಮತ್ತು ಸಾಲು, ಅದರ ಕೆಳಗೆ ಅರ್ಥಕ್ಕೆ ಖಾಲಿ ಜಾಗ. ನಲವತ್ತಮೂರು ಚೀಟಿಗಳಾದವು. ಬಳ್ಳಾರಿಯ ಸಂಪಾದಕರೊಬ್ಬರು ಹಳೆಯ ಕಾದಂಬರಿಗಳ ಭಾಷೆಯ ಬಗ್ಗೆ ಕಿರುಪುಸ್ತಕ ತರುತ್ತಿದ್ದರು. ಅವರಿಗೆ ಕಾಗದ ಬರೆದಾಗ, ಚೀಟಿಗಳನ್ನು ತುಂಬಿಸಿ ಕಳಿಸಿರಿ, ನಿಮ್ಮ ಹೆಸರಿನಲ್ಲೇ ಅಚ್ಚು ಹಾಕೋಣ ಎಂದು ಉತ್ತರ ಬಂತು. ನನ್ನ ಹೆಸರು ಅದುವರೆಗೆ ಅಚ್ಚಾಗಿದ್ದದ್ದು ನನ್ನ ಮದುವೆಯ ಲಗ್ನಪತ್ರಿಕೆಯಲ್ಲಿ ಮಾತ್ರ.

ಒಂದು ಮಧ್ಯಾಹ್ನ, ಊಟವಾದ ಮೇಲೆ, ಅಧ್ಯಾಪಕರ ಕೊಠಡಿಯಲ್ಲಿ ನಾನೊಬ್ಬಳೇ ಇದ್ದೆ. ‘ಹನ್ನೆರಡಾಣೆ ಗಿರಾಕಿ’ ಎಂಬುದನ್ನು ಗಟ್ಟಿಯಾಗಿ ಎರಡು ಮೂರು ಸಲ ಓದಿಕೊಂಡೆ, ಕಿವಿಗಾದರೂ ಹೊಳೆಯಬಹುದೆಂದು. ಬಾಗಿಲ ಬಳಿ ಗುಡಿಸುತ್ತಿದ್ದ ಆಯಮ್ಮ ಪೊರಕೆ ನಿಲ್ಲಿಸಿದಳು.

“ಹನ್ನೆರಡಾಣೆ ಗಿರಾಕಿ ಅಂದ್ರ, ಹಿಡಿದ ಕೆಲಸ ಮುಕ್ಕಾಲು ಮಾಡಿ ಕೈ ಬಿಡಾಂವ ನೋಡ್ರಿ. ನನ್ನ ಗಂಡ ಇದ್ನಲ್ರಿ, ಹಂಗ.”

ನಾನು ಪುಟ ತಿರುಗಿಸಿ ನೋಡಿದೆ. ಕಾದಂಬರಿಯಲ್ಲಿ ಆ ಮಾತು ಬರುವುದು ಕಟ್ಟುತ್ತಿದ್ದ ಮನೆಯನ್ನು ಅರ್ಧದಲ್ಲಿ ಬಿಟ್ಟವನೊಬ್ಬನ ಬಗ್ಗೆ. ಹದಿನಾರಾಣೆಯ ರೂಪಾಯಿಯಲ್ಲಿ ಹನ್ನೆರಡು, ಮುಕ್ಕಾಲು. ಚೀಟಿಯಲ್ಲಿ ಬರೆದುಕೊಂಡೆ. ಸೋಡಾ ಒಡೆಯುವುದು ಎಂದರೇನೆಂದು ಕೇಳಿದೆ. ಬಹಳ ದಿನ ತಡೆದುಕೊಂಡಿದ್ದ ಅಳು ಒಂದೇ ಸಲಕ್ಕೆ ಹೊರಗೆ ಬರುವುದು ಎಂದಳು. ಟಪ್ಪಾಲು ತಿನ್ನುವುದು? ತವರಿನಿಂದ ಬಂದ ಕಾಗದವನ್ನು ಸೊಸೆಗೆ ತೋರಿಸದೆ ಅತ್ತೆ ಬಚ್ಚಿಡುವುದು. ಒಂದಕ್ಕೂ ಆಕೆ ಯೋಚಿಸಲಿಲ್ಲ. ಅಕ್ಕಿಯ ಬೆಲೆ ಕೇಳಿದವರಿಗೆ ಹೇಳುವಷ್ಟೇ ಸಲೀಸಾಗಿ ಹೇಳಿ, ಮತ್ತೆ ಗುಡಿಸತೊಡಗಿದಳು.

ಅಂದಿನಿಂದ ಒಂದು ತಿಂಗಳು ದಿನವೂ ಊಟದ ಬಿಡುವಿನಲ್ಲಿ ಕುಳಿತೆವು. ನಾನು ಕುರ್ಚಿಯಲ್ಲಿ, ಆಕೆ ಹೊಸ್ತಿಲ ಮೇಲೆ. ಕುರ್ಚಿಯ ಮೇಲೆ ಕುಳಿತುಕೋ ಎಂದು ನಾನು ಹೇಳಿದ್ದು ನೆನಪಿಲ್ಲ. ನಾನು ವಾಕ್ಯ ಓದುತ್ತಿದ್ದೆ, ಆಕೆ ಅರ್ಥ ಹೇಳುತ್ತಿದ್ದಳು, ಆ ಅರ್ಥಕ್ಕೆ ಒಂದು ಸಾಕ್ಷಿ ಕೊಡುತ್ತಿದ್ದಳು. ಸಾಕ್ಷಿಯೆಂದರೆ ಒಬ್ಬ ಹೆಂಗಸು. ಈ ಮಾತು ಇಂಥವಳಿಗೆ ಒಪ್ಪುತ್ತಿತ್ತು, ಆ ಮಾತು ಇಂಥವಳ ಗಂಡನಿಗೆ ಅಂದದ್ದು, ಅದನ್ನು ಕೇಳಿ ಇಂಥವಳು ನಕ್ಕು ನಕ್ಕು ಮೊರ ಚೆಲ್ಲಿದ್ದಳು. ಆ ಹೆಸರುಗಳನ್ನು ನಾನು ಬರೆದುಕೊಳ್ಳಲಿಲ್ಲ. ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮೂವತ್ತೊಂದು ಚೀಟಿಗಳು ತುಂಬಿದವು.

ಆಕೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ಹೇಳಿದ ಪ್ರಯೋಗ ‘ಕಂದೀಲು ಇಳಿಸು’ ಎಂಬುದು. ಕಾದಂಬರಿಯಲ್ಲಿ ಅದು ಮೂರು ಕಡೆ ಬರುತ್ತದೆ. ನಾನು ಓದಿದ ಕೂಡಲೇ ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, ಅದು ತನ್ನ ಅಕ್ಕನ ಮಾತು ಎಂದಳು. ಒಬ್ಬರು ಮಾಡಬಾರದ್ದನ್ನು ಕಷ್ಟಕ್ಕೆ ಮಾಡುತ್ತಿರುವಾಗ, ಕಂಡೂ ಕಾಣದ ಹಾಗೆ ಇದ್ದುಬಿಡುವುದು. ಹೆದರಿಕೆಗಲ್ಲ, ಅವರ ಮಾನ ಉಳಿಯಲೆಂದು. ಅದಕ್ಕೆ ಕಂದೀಲು ಇಳಿಸುವುದು ಅನ್ನುತ್ತಾರೆ. ಅಷ್ಟು ಹೇಳಿ ಬಿಟ್ಟಳು. ನಾನೂ ಹೆಚ್ಚು ಕೇಳಲಿಲ್ಲ. ಚೀಟಿ ತುಂಬಿತ್ತು.

ತುಂಬಿದ ಚೀಟಿಗಳನ್ನು ಬಳ್ಳಾರಿಗೆ ಕಳಿಸಿದೆ; ಎರಡು ವಾರದಲ್ಲಿ ಸಂಪಾದಕರ ಉತ್ತರದ ಜೊತೆ ಅವು ಮರಳಿ ಬಂದವು. ಅವರು ತಮ್ಮ ಯೌವನವನ್ನು ಆ ದೊಡ್ಡ ಪಟ್ಟಣದಲ್ಲೇ ಕಳೆದವರಂತೆ. ಕಾಗದ ಸೌಜನ್ಯದಿಂದ ಕೂಡಿತ್ತು. ಹನ್ನೆರಡಾಣೆ ಗಿರಾಕಿ ಎಂದರೆ ಬುದ್ಧಿ ಸ್ವಲ್ಪ ಕಡಿಮೆ ಇರುವವನು. ಸೋಡಾ ಒಡೆಯುವುದು ಎಂದರೆ ಪೊಲೀಸರ ಮುಂದೆ ಗುಟ್ಟು ಹೇಳಿಬಿಡುವುದು. ಕಂದೀಲು ಇಳಿಸುವುದು ಎಂದರೆ ಯಾರಿಗೂ ಹೇಳದೆ ಜಾಗ ಖಾಲಿ ಮಾಡುವುದು. ನೀವು ಕಳಿಸಿದ ಅರ್ಥಗಳು ಬಹಳ ಸ್ವಾರಸ್ಯವಾಗಿವೆ, ಆದರೆ ಇಂಥ ಅರ್ಥಗಳನ್ನು ನಾನು ಎಲ್ಲಿಯೂ ಕೇಳಿಲ್ಲ, ನಿಮ್ಮ ಆಕರ ಯಾವುದು ಎಂದು ಕೇಳಿದ್ದರು. ನಾನು ಕಾದಂಬರಿ ತೆಗೆದು ಮೂರೂ ಪುಟಗಳನ್ನು ಮತ್ತೆ ನೋಡಿದೆ. ಆಯಮ್ಮನ ಅರ್ಥ ಒಂದು ಕಡೆ ಹೊಂದುತ್ತಿತ್ತು, ಎರಡು ಕಡೆ ಹೊಂದುತ್ತಿರಲಿಲ್ಲ. ಸಂಪಾದಕರ ಅರ್ಥ ಮೂರೂ ಕಡೆ ಹೊಂದುತ್ತಿತ್ತು. ಅದನ್ನು ನಾನು ಮೊದಲೇ ಪರೀಕ್ಷಿಸಬೇಕಾಗಿತ್ತು. ನಾಚಿಕೆಯಾಯಿತು, ಆ ನಾಚಿಕೆ ನನ್ನ ಬಗ್ಗೆ ಮಾತ್ರ ಇತ್ತು.

ಮರುದಿನ ಆಯಮ್ಮನನ್ನು ಕರೆದು, ಈ ಅರ್ಥಗಳನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಆಕೆ ಹೊಸ್ತಿಲ ಮೇಲೆ ಕುಳಿತು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬಿತ್ತನೆಯ ಶೇಂಗಾವನ್ನು ಯಂತ್ರಕ್ಕೆ ಹಾಕುವಂತಿಲ್ಲ. ಬೀಜ ಒಡೆದರೆ ಮೊಳೆಯದು. ಕೈಯಲ್ಲೇ ಸುಲಿಯಬೇಕು. ಮುಂಗಾರಿಗೆ ಮುಂಚೆ ಸಾಹುಕಾರರ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಹೆಂಗಸರು ಸಾಲಾಗಿ ಕುಳಿತು ಸುಲಿಯುತ್ತಿದ್ದರು. ಆಯಮ್ಮ ಆಗ ಹನ್ನೊಂದು ಹನ್ನೆರಡರ ಹುಡುಗಿ, ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದಳು. ಬೀಜ ಬಾಯಿಗೆ ಹಾಕಬಾರದೆಂಬುದು ಮನೆಯ ಕಟ್ಟಪ್ಪಣೆ. ಆದರೆ ಇಪ್ಪತ್ತು ಬಾಯಿಗಳನ್ನು ಕಾಯುವುದು ಹೇಗೆ? ಬೇರೆ ಮನೆಗಳಲ್ಲಿ ಹಾಡಿಸುತ್ತಿದ್ದರು. ಹಾಡುವ ಬಾಯಿ ಅಗಿಯಲಾರದು. ಈ ಮನೆಯ ಅತ್ತೆಗೆ ಹಾಡು ಆಗುತ್ತಿರಲಿಲ್ಲ. ಸೊಸೆ ದೂರದ ಊರಿನವಳು, ಓದಿದವಳು, ತವರಿನಿಂದ ಟ್ರಂಕಿನಲ್ಲಿ ಕಾದಂಬರಿಗಳನ್ನು ತಂದಿದ್ದಳು. ಅತ್ತೆ ಆಕೆಯನ್ನು ಪಡಸಾಲೆಯ ತುದಿಯ ಮಣೆಯ ಮೇಲೆ ಕೂರಿಸಿ ಗಟ್ಟಿಯಾಗಿ ಓದಿಸಿದಳು. ತಿಳಿಯದ ಮಾತು ಬಂದಲ್ಲೆಲ್ಲ ಸೊಸೆ ನಿಲ್ಲಿಸಿ, ಸಾಲಿನಲ್ಲಿ ಯಾರಾದರೊಬ್ಬರನ್ನು ಬೊಟ್ಟು ಮಾಡಿ, ಇದಕ್ಕೆ ಏನರ್ಥ ಎಂದು ಕೇಳಬೇಕು. ಕೂಡಲೇ ಬಾಯಿ ತೆರೆದು ಹೇಳಬೇಕು. ತಡವರಿಸಿದವಳ ಬಾಯಲ್ಲಿ ಬೀಜವಿದೆಯೆಂದು ಲೆಕ್ಕ.

ಅರ್ಥ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಸೊಸೆಗೂ ಗೊತ್ತಿರಲಿಲ್ಲ. ಒಬ್ಬಳು ಒಂದು ಹೇಳುವಳು, ಇನ್ನೊಬ್ಬಳು ಅಲ್ಲವೆನ್ನುವಳು, ಸುಲಿಯುತ್ತ ಸುಲಿಯುತ್ತ ಜಗಳವಾಗುವುದು, ಕೊನೆಗೆ ಒಂದನ್ನು ಎಲ್ಲರೂ ಒಪ್ಪಿ, ಇದೇ ಇರಲಿ ಎನ್ನುವರು. ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಆ ಮಾತನ್ನು ಆಡಿಕೊಂಡು ಹೋಗುವರು. ಮರುದಿನ ಬಾವಿಯ ಹತ್ತಿರ ಆಡುವರು. ಹಾಗೆ ಇವೇ ಮೂರು ಕಾದಂಬರಿಗಳನ್ನು ಐದಾರು ಬೇಸಿಗೆ ಓದಿದರಂತೆ.

“ಹಂಗ ಓದೂ ಓದೂ ನಡುವ ಓದಾಕಿ ದನಿ ಒಮ್ಮೊಮ್ಮೆ ದಪ್ಪ ಆಗ್ತಿತ್ರಿ,” ಎಂದಳು ಆಯಮ್ಮ. “ಆಕಿ ಬಾಯಾಗ ಹುರಿದ ಶೇಂಗಾ ಐತಿ ಅಂತ ವಾಸನಿಗೆ ನಮಗ ಗೊತ್ತಾಗ್ತಿತ್ತು. ಅತ್ತಿ ಆಕಿಗೆ ಹೊಟ್ಟಿತುಂಬ ಹಾಕ್ತಿದ್ದಿಲ್ಲ. ನಾವ್ಯಾರೂ ಹೇಳ್ಲಿಲ್ರಿ.”

ಅಕ್ಕ ಆ ವರ್ಷ ಬಸುರಿ. ಒಂದು ದಿನ ಹಸಿವು ತಾಳದೆ ಬೀಜ ಬಾಯಿಗೆ ಹಾಕಿಕೊಂಡಿದ್ದಾಗಲೇ ಸೊಸೆಯ ಬೊಟ್ಟು ಆಕೆಯ ಕಡೆಗೆ ಬಂತು. ಕೇಳಿದ ಮಾತು ‘ಕಂದೀಲು ಇಳಿಸು’. ಅಕ್ಕ ತಲೆ ತಗ್ಗಿಸಿದಳು. ಅತ್ತೆ ಎದ್ದು ಬಂದಳು. ಆಗ ಪಕ್ಕದವಳು, ನನ್ನನ್ನು ಕೇಳಿದರೇನೋ ಎಂದುಕೊಂಡೆ ಎಂದು, ತಾನೇ ಏನೋ ಒಂದು ಅರ್ಥ ಹೇಳಿದಳು. ಅವಳ ಪಕ್ಕದವಳು ಅದಲ್ಲವೆಂದಳು. ಸಾಲಿನವರೆಲ್ಲ ಒಟ್ಟಿಗೆ ಗದ್ದಲ ಮಾಡಿದರು. ಅತ್ತೆ ಗದ್ದಲ ಅಡಗಿಸುವಷ್ಟರಲ್ಲಿ ಅಕ್ಕ ನುಂಗಿದ್ದಳು. ನುಂಗಿ, ತಲೆಯೆತ್ತಿ ಹೇಳಿದಳಂತೆ: ಇವರೆಲ್ಲ ಈಗ ಏನು ಮಾಡಿದರೋ ಅದೇ ಕಂದೀಲು ಇಳಿಸೋದು. ಅತ್ತೆಗೆ ಅರ್ಥವಾಗಲಿಲ್ಲ. ಉಳಿದವರಿಗೆ ಆಯಿತು. ಆ ಮಾತಿನ ಮೇಲೆ ಜಗಳವೇ ಆಗಲಿಲ್ಲ. ಅಕ್ಕ ಆ ಸಲದ ಬಾಣಂತನದಲ್ಲಿ ತೀರಿಹೋದಳು. ಕೂಸೂ ಉಳಿಯಲಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನನಗೆ ಸಮಾಧಾನವಾಯಿತು. ಹೌದು, ಸಮಾಧಾನವೇ. ಆಕರ ಸಿಕ್ಕಿತ್ತು, ಆ ಆಕರಕ್ಕೆ ಬೆಲೆಯಿಲ್ಲವೆಂದು ತೀರ್ಮಾನಿಸಬಹುದಾಗಿತ್ತು. ಇವೆಲ್ಲ ಊಹೆಗಳು ಎಂದು ಆಯಮ್ಮನಿಗೆ ಹೇಳಿದೆ. ಪುಸ್ತಕ ಬರೆದವರ ಮನಸ್ಸಿನಲ್ಲಿದ್ದ ಅರ್ಥ ಬೇರೆ ಎಂದೂ ಹೇಳಿದೆ.

“ಹಂಗಾರ ನಾವು ಆಡಿದ್ದು ತಪ್ಪೇನ್ರಿ?”

“ತಪ್ಪು,” ಎಂದೆ.

ಆಕೆ ತನ್ನ ಹೆಬ್ಬೆರಳ ಉಗುರನ್ನು ನೋಡಿಕೊಂಡಳು. ವರ್ಷಗಟ್ಟಲೆ ಸುಲಿದವರ ಹೆಬ್ಬೆರಳ ಉಗುರು ಅಗಲವಾಗಿ, ತುದಿಯಲ್ಲಿ ಸೀಳಿರುತ್ತದೆ.

“ಇಷ್ಟು ವರ್ಷ ಆಡೀವಲ್ರಿ ಟೀಚರಮ್ಮ. ತಪ್ಪಾಗಿದ್ರ, ಒಬ್ರಾಡಿದ್ದು ಒಬ್ರಿಗೆ ಹೆಂಗ ತಿಳೀತಿತ್ರಿ?”

ಈ ಪ್ರಶ್ನೆಗೆ ಉತ್ತರವಿದೆಯೆಂದೇ ಆಗ ತಿಳಿದಿದ್ದೆ. ಗಂಟೆ ಹೊಡೆಯುವ ಹೊತ್ತಾಯಿತು ಎಂದೆ. ಆಕೆ ಎದ್ದಳು. ಎದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತು, ಉಳಿದವು ಹೋಗಲಿ ಎಂದಳು.

“ಅಕ್ಕಂದೊಂದು ಹಾಕ್ರಿ. ಆಕಿದು ಒಂದು ಫೋಟೋ ಇಲ್ಲ, ಏನಿಲ್ಲ. ಆ ಮಾತೊಂದೇ ಐತ್ರಿ.”

“ನೋಡೋಣ,” ಎಂದೆ.

ನೋಡಲಿಲ್ಲ. ಅಂದು ಸಂಜೆ ಮನೆಯಲ್ಲಿ ಮೂವತ್ತೊಂದು ಚೀಟಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ಅಡಿಕೋಲು ಹಿಡಿದು, ಒಂದೊಂದರ ಮೇಲೂ ಕೆಂಪು ಗೆರೆ ಎಳೆದೆ. ಸಂಪಾದಕರ ಅರ್ಥಗಳನ್ನು ಹೊಸ ಚೀಟಿಗಳಲ್ಲಿ ದುಂಡಾಗಿ ಬರೆದೆ. ‘ಕಂದೀಲು ಇಳಿಸು’ ಬಂದಾಗ ಪೆನ್ನು ಒಂದು ಗಳಿಗೆ ನಿಂತದ್ದು ನೆನಪಿದೆ. ಅಡಿಟಿಪ್ಪಣಿಯಲ್ಲಿ ಒಂದು ಸಾಲು ಹಾಕಬಹುದಿತ್ತು. ಸಂಪಾದಕರು ಬೇಡವೆನ್ನುತ್ತಿರಲಿಲ್ಲ, ಸ್ವಾರಸ್ಯವಾಗಿದೆ ಎಂದು ಅವರೇ ಬರೆದಿದ್ದರು. ಆದರೆ ಶೇಂಗಾ ಸುಲಿಯುವವರ ಊಹೆಯನ್ನು ನಾನು ಅರ್ಥವೆಂದು ಕಳಿಸಿದ್ದೆ ಎಂಬುದು ಆ ಅಡಿಟಿಪ್ಪಣಿಯಿಂದ ಎಲ್ಲರಿಗೂ ತಿಳಿಯುತ್ತಿತ್ತು. ಗೆರೆ ಎಳೆದೆ. ರದ್ದಾದ ಚೀಟಿಗಳನ್ನು ದಾರದಲ್ಲಿ ಕಟ್ಟಿ ಇಟ್ಟಿದ್ದೆ; ಮುಂದಿನ ಯುಗಾದಿಗೆ ಮನೆ ಶುಚಿ ಮಾಡುವಾಗ ರದ್ದಿಯವನಿಗೆ ಹಾಕಿದೆ.

ಪುಸ್ತಕ ಅಚ್ಚಾಗಿ ಬಂದಾಗ ಶಾಲೆಯಲ್ಲಿ ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ಆಯಮ್ಮ ಕೊನೆಗೆ ಬಂದಳು. ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಬಂದಿದ್ದಳು.

“ಅಕ್ಕಂದು ಬಂದೈತೇನ್ರಿ?”

ಬಂದಿದೆ ಎಂದೆ. ಆಲೋಚಿಸಿ ಹೇಳಿದ ಸುಳ್ಳಲ್ಲ, ಬಾಯಿಗೆ ಬಂತು. ಎಲ್ಲಿ ಎಂದು ಆಕೆ ಕೇಳಿದಳು. ಆಕೆಗೆ ಓದು ಬಾರದು. ನಾನು ಒಂದು ಪುಟ ತೆರೆದು, ಆಕೆಯ ಸೀಳು ಉಗುರಿನ ಬೆರಳನ್ನು ಹಿಡಿದು, ಯಾವುದೋ ಒಂದು ಸಾಲಿನ ಮೇಲೆ ಇಟ್ಟೆ. ಆ ಬೆರಳನ್ನು ಆಕೆ ಕಣ್ಣಿಗೆ ಒತ್ತಿಕೊಂಡಳು. ಒಂದು ಪ್ರತಿ ಕೊಡುವಿರಾ ಎಂದು ಕೇಳಿದಳು. ಕೊಟ್ಟೆ. ನನ್ನ ಬಳಿ ಹತ್ತು ಪ್ರತಿಗಳಿದ್ದವು.

ಆಮೇಲೆ ಆಕೆ ಎರಡು ವರ್ಷ ನಮ್ಮ ಶಾಲೆಯಲ್ಲಿದ್ದಳು. ಆ ಪುಸ್ತಕದ ಮಾತು ಮತ್ತೆ ಎತ್ತಲಿಲ್ಲ. ಒಮ್ಮೆ ಇನ್ನೊಂದು ಹಳೆಯ ಕಥೆಯಲ್ಲಿ ಕಂಡ ಪ್ರಯೋಗದ ಬಗ್ಗೆ ನಾನೇ ಕೇಳಿದೆ. ತಿಳಿಯದು ಎಂದಳು. ಮೇಜಿನ ಮೇಲೆ ಲೋಟ ಇಡುವಾಗ ‘ನೀರು ಇಟ್ಟಿದ್ದೇನೆ’ ಎನ್ನತೊಡಗಿದಳು. ಇಷ್ಟು ವರ್ಷಕ್ಕೆ ಸರಿಯಾಗಿ ಕಲಿತಳೆಂದು ನಾನು ಸಹೋದ್ಯೋಗಿಗಳಿಗೆ ಹೇಳಿಕೊಂಡದ್ದೂ ಉಂಟು.

ಆಕೆ ತೀರಿದ ಸುದ್ದಿ ಬಂದದ್ದು ಆರನೆಯ ತರಗತಿಗೆ ಉಕ್ತಲೇಖನ ಹೇಳುತ್ತಿದ್ದಾಗ. ಮೂರು ದಿನದ ಜ್ವರವಂತೆ. ನಾನು ಉಳಿದ ನಾಲ್ಕು ಸಾಲುಗಳನ್ನು ಹೇಳಿ ಮುಗಿಸಿದೆ. ಪುಸ್ತಕಗಳನ್ನು ತರಿಸಿಕೊಂಡೆ. ತಿದ್ದಿದೆ. ಶಾಲೆ ಬಿಟ್ಟ ಮೇಲೆ ಎಲ್ಲರೊಂದಿಗೆ ಹೋಗಿ ಹೂವು ಹಾಕಿ ಬಂದೆ. ಅತ್ತದ್ದು ನೆನಪಿಲ್ಲ. ಮನಸ್ಸಿಗೆ ಏನಾದರೂ ಆಗಬಹುದೆಂದು ದಾರಿಯುದ್ದಕ್ಕೂ ಕಾದಿದ್ದೆ; ಏನೂ ಆಗಲಿಲ್ಲ...

ಹತ್ತು ದಿನ ಕಳೆದ ಮೇಲೆ ಆಕೆಯ ಮಗಳು ಬೀಗದ ಕೈಗಳನ್ನು ಹಿಂದಿರುಗಿಸಲು ಶಾಲೆಗೆ ಬಂದಳು. ಮನೆಯಲ್ಲೇ ರವಿಕೆ ಹೊಲಿಯುವವಳು. ತೆಲುಗು ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವಳು. ಬೀಗದ ಕೈಗಳ ಜೊತೆಗೆ ಆ ಪುಸ್ತಕವನ್ನೂ ತಂದಿದ್ದಳು. ದೇವರ ಗೂಡಿನಲ್ಲಿ ಇಟ್ಟಿದ್ದರಂತೆ. ನಾನು ಬೆರಳಿಡಿಸಿದ್ದ ಪುಟದಲ್ಲಿ ಒಂದು ಕುಂಕುಮದ ಬೊಟ್ಟಿತ್ತು. ಇದು ನಿನ್ನ ಬಳಿಯೇ ಇರಲಿ ಎಂದು ನಾನು ಹೇಳಿದ್ದಕ್ಕೆ, ಅವಳು ಬೇಡವೆಂದು ತಲೆಯಾಡಿಸಿದಳು. ಸಿಟ್ಟು ಇರಲಿಲ್ಲ. ಅಳತೆ ತಪ್ಪಿದ ರವಿಕೆಯನ್ನು ಮರಳಿಸುವವಳ ಹಾಗೆ ಮಾತಾಡಿದಳು.

“ತಂದ ದಿನಾನೇ ನಾ ಎಲ್ಲ ಓದಿ ಹೇಳೀನ್ರಿ ಮೇಡಂ. ತೆಲುಗು ಅಕ್ಷರಕ್ಕೂ ಇದಕ್ಕೂ ತಲಕಟ್ಟಷ್ಟೇ ಫರಕು, ಕೂಡಿಸಿ ಕೂಡಿಸಿ ಓದಿದ್ರ ಬರ್ತೈತಿ. ಅಮ್ಮ ಪಕ್ಕದಾಗ ಕುಂತು ಕೇಳಿದ್ಲು. ಕಂದೀಲು ಬಂತು, ದೊಡ್ಡಮ್ಮ ಹೇಳಿದ ಅರ್ಥ ಬರ್ಲಿಲ್ಲ. ನೀವು ಬೆರಳಿಟ್ಟಿದ್ದು ಆ ಪುಟಾನೂ ಅಲ್ಲ.”

ನಾನು ಪುಸ್ತಕ ಮುಚ್ಚಿದೆ.

“ಹೋಗಿ ಕೇಳಿ ಬರ್ತೀನಿ ಅಂತ ಎದ್ದೆ. ಅಮ್ಮ ಬಿಡ್ಲಿಲ್ರಿ. ‘ಸರ್ಲೇ, ಹೋಗ್ಲಿ ಬಿಡು, ಕುಂದ್ರು. ಟೀಚರಮ್ಮಗ ಏನ್ ಕಷ್ಟ ಇತ್ತೋ. ಕಂದೀಲು ಇಳಸು’ ಅಂದ್ಲು.”

ಬೀಗದ ಕೈಗಳನ್ನು ಎಣಿಸಿ ತೆಗೆದುಕೊಂಡೆ. ಅವಳು ಹೋದಳು.

ಈಗ ಶಾಲೆಯ ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಕಳೆದ ವಾರ ಆ ಕೆಂಪು ಪೊರೆಯನ್ನು ಮೇಜಿನ ಮೇಲಿಟ್ಟುಕೊಂಡು, ರದ್ದು ಮಾಡಿದ ಮೂವತ್ತೊಂದು ಅರ್ಥಗಳನ್ನು ನೆನಪಿನಿಂದ ಬರೆಯಲು ಕುಳಿತೆ. ಎರಡು ದಿನ ಕುಳಿತೆ. ಏಳು ಬಂದವು. ಆಯಮ್ಮನ ಮಗಳನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವಳಿಗೆ ನೆನಪಿದ್ದದ್ದು ಒಂದೇ, ಅದು ನನಗೂ ನೆನಪಿದ್ದದ್ದು. ಪಡಸಾಲೆಯಲ್ಲಿ ಕುಳಿತಿದ್ದವರು ಈಗ ಯಾರೂ ಇಲ್ಲವೆಂದಳು. ಇಪ್ಪತ್ತು ಹೆಂಗಸರು ಜಗಳವಾಡಿ ಒಪ್ಪಿಕೊಂಡಿದ್ದ ಇಪ್ಪತ್ತನಾಲ್ಕು ಅರ್ಥಗಳು ಇನ್ನು ಎಲ್ಲಿಯೂ ಇಲ್ಲ. ಅವುಗಳನ್ನು ಬರೆದಿಟ್ಟವಳು ನಾನೊಬ್ಬಳೇ, ರದ್ದಿಗೆ ಹಾಕಿದವಳೂ ನಾನೇ. ಕಾದಂಬರಿ ಬರೆದವರ ಅರ್ಥಗಳು ಭದ್ರವಾಗಿವೆ. ಹತ್ತು ಪ್ರತಿಗಳಲ್ಲಿ ಎಂಟು ನನ್ನ ಬೀರುವಿನಲ್ಲೇ ಇವೆ, ಆಯಮ್ಮನ ಪ್ರತಿ ಒಂಬತ್ತನೆಯದು.

ಹೊಸ ಚೀಟಿಯೊಂದನ್ನು ಕತ್ತರಿಸಿ, ನೀಲಿ ಶಾಯಿಯಲ್ಲಿ ಬರೆದೆ. ಪ್ರಯೋಗ: ಕಂದೀಲು ಇಳಿಸು. ಅರ್ಥ: ಒಬ್ಬರು ಮಾಡಬಾರದ್ದನ್ನು ಕಷ್ಟಕ್ಕೆ ಮಾಡುತ್ತಿರುವಾಗ, ಅವರ ಮಾನ ಉಳಿಯಲೆಂದು ಕಂ­ಡೂ ಕಾಣದಂತಿರುವುದು. ಆಕರ: ಶೇಂಗಾ ಸುಲಿಯುವವರ ಪಡಸಾಲೆ, ಹೊಳಗುಂದದ ಹತ್ತಿರ. ಹೇಳಿದವರು ಎಂಬಲ್ಲಿ ಪೆನ್ನು ನಿಂತಿತು. ಅಕ್ಕನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟೆ.

ಕೊನೆಯಲ್ಲಿ ಒಂದು ಸಾಲು ಉಳಿದಿತ್ತು. ಮಕ್ಕಳಿಗೆ ಇಪ್ಪತ್ತನಾಲ್ಕು ವರ್ಷ ಹೇಳಿದ್ದನ್ನು ನನಗೇ ಹೇಳಿಕೊಂಡೆ: ಸ್ವಂತ ವಾಕ್ಯದಲ್ಲಿ ಬಳಸಿರಿ. ಬಹಳ ಹೊತ್ತು ಕುಳಿತು ಬರೆದೆ.

ನಮ್ಮ ಶಾಲೆಯ ಆಯಮ್ಮನವರು ನನಗಾಗಿ ಎರಡು ವರ್ಷ ಕಂದೀಲು ಇಳಿಸಿದರು.